ತಾತನ ಡ್ರಾಯಿಂಗ್ ಕ್ಲಾಸು

ನಮ್ಮ ಡ್ರಾಯಿಂಗ್ ಕ್ಲಾಸಿನಲ್ಲಿ ಒಟ್ಟು 15 ಜನ. 14 ಮಕ್ಕಳು, ಇನ್ನೊಬ್ಬ ನಾನು. ಮಕ್ಕಳಲ್ಲಿ ಎಲ್ಲರಿಗಿಂತ ಚಿಕ್ಕವನಿಗೆ 8 ವರ್ಷ, ದೊಡ್ಡವಳಿಗೆ 15. ನನಗೆ 67. ಅವರೆಲ್ಲ ಚಾಪೆಯ ಮೇಲೆ ಕೂರುತ್ತಾರೆ. ನನ್ನ ಮಂಡಿ ಅದಕ್ಕೆ ಒಪ್ಪುವುದಿಲ್ಲ. ಹಾಗಾಗಿ ಮೂಲೆಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ, ಮುಂದೊಂದು ಸ್ಟೂಲು ಹಾಕಿಕೊಟ್ಟಿದ್ದಾರೆ. ಕುರ್ಚಿಯ ಮೇಲೆ ಕೂತವನೇ ಮೇಷ್ಟ್ರು ಎಂದು ಲೋಕದ ತಿಳಿವಳಿಕೆಯಲ್ಲವೆ? ಸೇರಿದ ಮೊದಲ ಭಾನುವಾರವೇ ಒಬ್ಬ ತಾಯಿ ನೇರವಾಗಿ ನನ್ನ ಹತ್ತಿರ ಬಂದು, "ಸರ್, ನಮ್ಮ ಹುಡುಗ ಮನೇಲಿ ಪೆನ್ಸಿಲ್ಲೇ ಮುಟ್ಟಲ್ಲ, ಸ್ವಲ್ಪ ಗದರಿಸಿ" ಎಂದರು. ನಾನು ನನ್ನ ಹಾಳೆಯನ್ನು ತೋರಿಸಿದೆ. ಅದರ ಮೇಲೆ ಒಂದು ಸೇಬುಹಣ್ಣು ಇತ್ತು, ಅಥವಾ ಇರಬೇಕಾಗಿತ್ತು. ಆಕೆ ಒಂದು ಕ್ಷಣ ನೋಡಿ, "ಓ, ನೀವೂ ಕಲಿಯೋಕೆ ಬಂದಿದೀರಾ" ಎಂದು ಮೆಲ್ಲಗೆ ಜಾರಿಕೊಂಡರು.

ನಿಜವಾದ ಮೇಡಂಗೆ 28 ವರ್ಷ. ನಮ್ಮ ಮೈಸೂರಿನಲ್ಲೇ ಚಿತ್ರಕಲೆ ಓದಿದವರು. ನನ್ನ ಮಗನಿಗಿಂತ ಹತ್ತು ವರ್ಷ ಚಿಕ್ಕವರು. ನಾನು ಅವರನ್ನು "ಮೇಡಂ" ಎನ್ನುತ್ತೇನೆ, ಅವರು ನನ್ನನ್ನು "ಸರ್" ಎನ್ನುತ್ತಾರೆ. ಮಕ್ಕಳು ಮಾತ್ರ ಇಂಥ ಉಪಚಾರಕ್ಕೆಲ್ಲ ಹೋಗದೆ "ತಾತ" ಎಂದೇ ಕರೆಯುತ್ತಾರೆ. ಯಾಕೆಂದರೆ ಆ 14 ಮಕ್ಕಳಲ್ಲಿ ಒಬ್ಬಳು ನನ್ನ ಮೊಮ್ಮಗಳು ಪುಟ್ಟಿ. ಆರನೇ ತರಗತಿ.

ಚಿತ್ರ ಬರೆಯುವುದು ನನಗೇನು ಹೊಸದಲ್ಲ ಎಂದುಕೊಂಡೇ ನಾನು ಅಲ್ಲಿಗೆ ಹೋಗಿದ್ದು. 34 ವರ್ಷ ಮಾಡಿದ್ದೇ ಆ ಕೆಲಸ. ನೀರಾವರಿ ಕಚೇರಿಯಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದೆ. ಎಂಜಿನಿಯರು ಲೆಕ್ಕ ಹಾಕಿ ಗೀಚಿಕೊಟ್ಟದ್ದನ್ನು ಅಳತೆಗೆ ಸರಿಯಾಗಿ ನಕ್ಷೆ ಮಾಡಿಕೊಡುವವನು. ನಾಲೆ, ಉಪನಾಲೆ, ತೂಬು, ಮೋರಿ, ಕಿರುಸೇತುವೆ. ಕೃಷ್ಣರಾಜಸಾಗರದಿಂದ ಮಂಡ್ಯದ ಕಡೆ ಹೋಗುವ ವಿಶ್ವೇಶ್ವರಯ್ಯ ನಾಲೆ ಇದೆಯಲ್ಲ, ಹಳಬರು ಇರ್ವಿನ್ ನಾಲೆ ಎನ್ನುತ್ತಿದ್ದರು, ಅದರ ಎಷ್ಟೋ ಕವಲುಗಳ ದುರಸ್ತಿಯ ನಕ್ಷೆಗಳು ನನ್ನ ಮೇಜಿನ ಮೇಲೆ ತಯಾರಾಗಿವೆ.

ಕೊನೆಯ ವರ್ಷಗಳಲ್ಲಿ ಕಂಪ್ಯೂಟರ್ ಬಂತು. ನಾನು ಸೇರಿದಾಗ ಮುಖ್ಯವಾದ ನಕ್ಷೆಗಳನ್ನೆಲ್ಲ ಟ್ರೇಸಿಂಗ್ ಬಟ್ಟೆಯ ಮೇಲೆ ಬರೆಯುತ್ತಿದ್ದೆವು. ಈಗಿನ ಮಕ್ಕಳಿಗೆ ಅದು ಗೊತ್ತಿರಲಿಕ್ಕಿಲ್ಲ. ನಯವಾದ ಬಟ್ಟೆಗೆ ಗಂಜಿ ಕೊಟ್ಟು, ಒತ್ತಿ, ಕಾಗದದಂತೆ ನುಣುಪು ಮಾಡಿರುತ್ತಿದ್ದರು. ಕೆಳಗಿಟ್ಟ ಪೆನ್ಸಿಲ್ ನಕ್ಷೆ ಅದರ ಮೂಲಕ ಕಾಣುತ್ತಿತ್ತು. ಮೇಲೆ ಒಂದಿಷ್ಟು ಸೀಮೆಸುಣ್ಣದ ಪುಡಿ ಉಜ್ಜಿ, ಒರೆಸಿ, ಆಮೇಲೆ ರೂಲಿಂಗ್ ಪೆನ್ನಿನಿಂದ ಕಪ್ಪು ಶಾಯಿಯ ಗೆರೆ ಎಳೆಯಬೇಕು. ರೂಲಿಂಗ್ ಪೆನ್ನು ಎಂದರೆ ಮಾಮೂಲು ಪೆನ್ನಲ್ಲ. ಉಕ್ಕಿನ ಎರಡು ತೆಳು ಅಲಗು, ಅವುಗಳಿಗೆ ಒಂದು ತಿರುಪು. ಅಲಗುಗಳ ನಡುವೆ ಒಂದು ಹನಿ ಶಾಯಿ ಬಿಟ್ಟು ತಿರುಪು ಬಿಗಿ ಮಾಡಿದರೆ ಗೆರೆ ಕೂದಲೆಳೆಯಷ್ಟು ಸಣ್ಣ, ಸಡಿಲ ಮಾಡಿದರೆ ದಪ್ಪ. ಶಾಯಿ ಹೆಚ್ಚಾದರೆ ಡೊಬಕ್ ಎಂದು ಬೀಳುತ್ತದೆ. ಕಡಿಮೆಯಾದರೆ ಗೆರೆ ಅರ್ಧ ದಾರಿಯಲ್ಲೇ ನಿಲ್ಲುತ್ತದೆ.

ಆ ಬಟ್ಟೆಗೆ ಪರಮಶತ್ರು ನೀರು. ಒಂದು ಹನಿ ಬಿದ್ದರೂ ಅಲ್ಲಿನ ಗಂಜಿ ಕರಗಿ ಬೆಳ್ಳಗೆ ಕಲೆಯಾಗುತ್ತಿತ್ತು. ಬೇಸಿಗೆಯಲ್ಲಿ ಅಂಗೈ ಬೆವರಿಗೆ ಹೆದರಿ ಕೈ ಕೆಳಗೆ ಕರ್ಚೀಫು ಹಾಸಿಕೊಳ್ಳುತ್ತಿದ್ದೆವು. ಮೇಜಿನ ಹತ್ತಿರ ಯಾರೂ ಕಾಫಿ ಲೋಟ ತರುವಂತಿರಲಿಲ್ಲ. 34 ವರ್ಷ ನಾನು ಬರೆದದ್ದೆಲ್ಲ ನೀರು ಹರಿಯುವ ದಾರಿ, ಆದರೆ ನನ್ನ ಹಾಳೆಯ ಮೇಲೆ ಒಂದು ತೊಟ್ಟು ನೀರು ಬೀಳಗೊಡಲಿಲ್ಲ. ಒಂದು ಗುಟ್ಟನ್ನೂ ಹೇಳಿಬಿಡುತ್ತೇನೆ. ರದ್ದಾದ ನಕ್ಷೆಯ ಬಟ್ಟೆಯನ್ನು ನೆನೆಸಿ ಒಗೆದರೆ ಗಂಜಿಯೆಲ್ಲ ಬಿಟ್ಟು ಬಲು ಮೆತ್ತಗಿನ ಬಟ್ಟೆಯಾಗುತ್ತಿತ್ತು. ನನ್ನ ಮಗ ಹುಟ್ಟಿದಾಗ ಹಾಕಿದ ಮೊದಲ ಅಂಗಿ ಅದರದೇ. ಈಗ ಯಾರೂ ಅದರ ಲೆಕ್ಕ ಕೇಳಲಾರರು ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ಗೆರೆ ತಪ್ಪಾದರೆ ಬ್ಲೇಡು. ದಾಡಿ ಬ್ಲೇಡನ್ನು ಎರಡು ತುಂಡು ಮಾಡಿ, ಒಣಗಿದ ಶಾಯಿಯನ್ನು ಹಗುರವಾಗಿ ಕೆರೆದು, ರಬ್ಬರು ಹಾಕಿ, ಉಗುರಿನಿಂದ ತಿಕ್ಕಿ ನುಣುಪು ಮಾಡಿ, ಮತ್ತೆ ಗೆರೆ ಎಳೆದರೆ ಅಲ್ಲೊಂದು ತಪ್ಪಿತ್ತೆಂದು ಯಾರಿಗೂ ತಿಳಿಯದು. ಕಚೇರಿಯಲ್ಲಿ ನಾನು ಹೆಸರು ಮಾಡಿದ್ದು ಗೆರೆಗಿಂತ ಹೆಚ್ಚಾಗಿ ಬ್ಲೇಡಿನಲ್ಲಿ. ಬೇರೆಯವರ ತಪ್ಪುಗಳನ್ನೂ ನನ್ನ ಕೈಲೇ ಕೆರೆಸುತ್ತಿದ್ದರು. ಅದೇ ಅಭ್ಯಾಸವಾಗಿಬಿಟ್ಟಿತು. ಸೊಟ್ಟಗಿರುವ ಗೆರೆ ಎಲ್ಲಿ ಕಂಡರೂ, ಮದುವೆ ಮನೆಯ ರಂಗೋಲಿಯೇ ಆಗಲಿ, ನನ್ನ ಕೈ ತುರಿಸುತ್ತಿತ್ತು.

ಪುಟ್ಟಿ ಎರಡನೇ ತರಗತಿಯಲ್ಲಿದ್ದಾಗ ಒಂದು ಸಂಜೆ ಮನೆಯ ಚಿತ್ರ ಬರೆದು ತಂದು ತೋರಿಸಿದಳು. ಕೆಂಪು ಹೆಂಚಿನ ಮನೆ, ಎರಡು ಕಿಟಕಿ, ಮುಂದೊಂದು ನಾಯಿ. ಮನೆ ಬಲಗಡೆಗೆ ವಾಲಿಕೊಂಡಿತ್ತು. ಕಿಟಕಿಗಳು ಒಂದು ಮೇಲೆ, ಒಂದು ಕೆಳಗೆ. ನಾಯಿ ಬಾಗಿಲಿಗಿಂತ ಎತ್ತರ. "ಚೆನ್ನಾಗಿದೆ ಮರಿ, ಆದರೆ ಗೋಡೆ ಹೀಗಿದ್ರೆ ಮನೆ ಬಿದ್ದುಹೋಗತ್ತೆ" ಎಂದು ರಬ್ಬರು ತೆಗೆದುಕೊಂಡು ಗೋಡೆ ಅಳಿಸಿದೆ. ಸ್ಕೇಲು, ಸೆಟ್‌ಸ್ಕ್ವೇರ್ ಇಟ್ಟು ನೆಟ್ಟಗೆ ನಿಲ್ಲಿಸಿದೆ. ಕಿಟಕಿಗಳನ್ನು ಒಂದೇ ಮಟ್ಟಕ್ಕೆ ತಂದೆ. ನಾಯಿಯನ್ನು ಅಳತೆಗೆ ಇಳಿಸಿದೆ. ಹತ್ತು ನಿಮಿಷದ ಕೆಲಸ. ಅವಳು ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. "ಈಗ ನೋಡು" ಎಂದೆ. "ಹೂಂ" ಎಂದಳು. ಬಣ್ಣ ತುಂಬು ಎಂದೆ, ತುಂಬಿದಳು. ನೆನಪಿಟ್ಟುಕೊಳ್ಳುವಂಥ ಸಂಗತಿ ಎಂದು ನನಗೆ ಅನ್ನಿಸಿರಲಿಲ್ಲ, ಮರೆತೂಬಿಟ್ಟೆ.

ಹೋದ ವರ್ಷ ನವರಾತ್ರಿಗೆ ಗೊಂಬೆ ಇಳಿಸಲು ಅಟ್ಟಕ್ಕೆ ಏಣಿ ಹಾಕಿದೆ. ಗೊಂಬೆ ಪೆಟ್ಟಿಗೆಯ ಪಕ್ಕದಲ್ಲಿ ಪುಟ್ಟಿಯ ಹಳೆಯ ಡ್ರಾಯಿಂಗ್ ಪುಸ್ತಕ ಸಿಕ್ಕಿತು. ಏಣಿಯ ಮೇಲೆ ನಿಂತೇ ತಿರುವಿದೆ. ಮೊದಲ ಪುಟಗಳಲ್ಲಿ ಆನೆ, ಜೋರು ಮಳೆ, ಬಸ್ಸಿನ ಕಿಟಕಿಯಿಂದ ಹೊರಗೆ ಚಾಚಿದ ಹತ್ತು ಕೈ, ಅಡುಗೆಮನೆ ತುಂಬ ಹರಡಿಕೊಂಡ ಅಜ್ಜಿಯ ಸೀರೆ. ಆಮೇಲೆ ಆ ಮನೆ. ನಾನು ಅಳಿಸಿದ ಗೋಡೆಯ ಗುರುತು ಇನ್ನೂ ತೆಳ್ಳಗೆ ಕಾಣುತ್ತಿತ್ತು. ಅದರ ನಂತರದ ಪುಟಗಳಲ್ಲೆಲ್ಲ ಸ್ಕೇಲಿನ ಗೆರೆ. ಮರಕ್ಕೂ ಸ್ಕೇಲು, ಬೆಟ್ಟಕ್ಕೂ ಸ್ಕೇಲು. ಸೂರ್ಯನಿಗೆ ಬಳೆ ಇಟ್ಟು ಎಳೆದ ದುಂಡು. ಒಂದು ಬೆಕ್ಕಿನ ಮೀಸೆ ಕೂಡ ಸ್ಕೇಲಿನಲ್ಲಿ ಎಳೆದದ್ದು. ಅಂಥವು ಐದು ಪುಟ. ಆಮೇಲೆ ಪುಸ್ತಕ ಖಾಲಿ.

"ಏನ್ರೀ, ಪಟ್ಟದ ಗೊಂಬೆ ಸಿಗಲಿಲ್ವಾ?" ಎಂದು ಇವಳು ಕೆಳಗಿನಿಂದ ಕೂಗಿದಳು. ಸಿಕ್ಕಿತು ಎಂದೆ. ಪುಸ್ತಕವನ್ನು ಯಾರಿಗೂ ತೋರಿಸಲಿಲ್ಲ.

ಹಬ್ಬ ಕಳೆದ ಮೇಲೆ ಪುಟ್ಟಿಯನ್ನು ಕೇಳಿದೆ, "ಡ್ರಾಯಿಂಗ್ ಕ್ಲಾಸಿಗೆ ಸೇರ್ತೀಯಾ?" ಅವಳು ಪುಸ್ತಕದಿಂದ ತಲೆ ಎತ್ತದೆ, "ನಂಗೆ ಡ್ರಾಯಿಂಗ್ ಬರಲ್ಲ ತಾತ" ಎಂದಳು. ಬೇಸರವಿಲ್ಲ, ಸಿಟ್ಟಿಲ್ಲ. ನನಗೆ ಈಜು ಬರಲ್ಲ ಅನ್ನುವ ಹಾಗೆ. ನಾನು ಎರಡು ದಿನ ಬಿಡದೆ ಹಿಂದೆ ಬಿದ್ದೆ. ಕಾಟ ತಪ್ಪಿಸಿಕೊಳ್ಳಲು ಇರಬೇಕು, "ನೀನೂ ಸೇರಿದ್ರೆ ಸೇರ್ತೀನಿ" ಎಂದಳು. ನಾನು ಸೇರಲಾರೆ ಎಂಬ ಭರವಸೆ ಅವಳಿಗೆ. ಮರುದಿನವೇ ಹೋಗಿ ಇಬ್ಬರ ಫೀಸು ಕಟ್ಟಿ ಬಂದೆ.

ಕ್ಲಾಸಿನ ಬಾಗಿಲ ಹತ್ತಿರ ಒಂದು ಹಳೆಯ ಬಿಸ್ಕತ್ತಿನ ಡಬ್ಬ ಇತ್ತು. "ಸ್ಕೇಲು ಇರೋರು ಇದರಲ್ಲಿ ಹಾಕಿ, ಹೋಗುವಾಗ ತಗೊಳ್ಳಿ" ಎಂದರು ಮೇಡಂ. ಎರಡು ಸ್ಕೇಲು ಬಿದ್ದವು. ಒಂದು ನನ್ನದು, ಒಂದು ಪುಟ್ಟಿಯದು.

ಮೊದಲ ತಿಂಗಳು ಪೆನ್ಸಿಲ್ಲು. ಸೇಬುಹಣ್ಣಿನ ಕಥೆ ಆಗಲೇ ಹೇಳಿದೆನಲ್ಲ, ಅಷ್ಟು ಸಾಕು. ಎರಡನೇ ತಿಂಗಳು ಜಲವರ್ಣ ಶುರುವಾಯಿತು. ಮೇಡಂ ದಪ್ಪನೆಯ ಹಾಳೆಯನ್ನು ಹಲಗೆಗೆ ಅಂಟಿಸಿ, ಅಗಲವಾದ ಬ್ರಷ್ಷನ್ನು ನೀರಿನಲ್ಲಿ ಅದ್ದಿ ಹಾಳೆಯ ಮೇಲೆಲ್ಲ ಸುರಿಯುವಂತೆ ಬಳಿದರು. ನನ್ನ ಬಾಯಿಂದ "ಅಯ್ಯಯ್ಯೋ" ಎಂದು ಬಂದೇಬಿಟ್ಟಿತು. ಮಕ್ಕಳೆಲ್ಲ ತಿರುಗಿ ನೋಡಿದರು. ಒದ್ದೆ ಹಾಳೆಗೆ ನೀಲಿ ತಾಗಿಸಿದರೆ ಅದು ತನ್ನಷ್ಟಕ್ಕೆ ಹರಡಿಕೊಂಡು ಹೋಯಿತು, ಹಾಲಿಗೆ ಬಿದ್ದ ಡಿಕಾಕ್ಷನ್ ಹಾಗೆ. ಎಲ್ಲಿ ನಿಲ್ಲಬೇಕು ಎಂದು ಅದಕ್ಕೆ ಯಾರೂ ಹೇಳಲಿಲ್ಲ.

ನನ್ನ ಸರದಿ ಬಂತು. ಆಕಾಶ ಬಳಿದೆ. ಒಂದು ಕಡೆ ಸ್ವಲ್ಪ ತೆಳುವಾಯಿತು ಅನ್ನಿಸಿತು. ಸುಮ್ಮನಿರಬಹುದಿತ್ತು. ಆದರೆ ಬ್ಲೇಡು ಹಿಡಿದ ಕೈ ಸುಮ್ಮನಿರುತ್ತದೆಯೇ? ಅರ್ಧ ಒಣಗಿದ ಬಣ್ಣದ ಮೇಲೆ ಮತ್ತೆ ಒದ್ದೆ ಬ್ರಷ್ ಆಡಿಸಿದೆ. ನೋಡುನೋಡುತ್ತಿದ್ದಂತೆ ಅಲ್ಲೊಂದು ಹೂಕೋಸು ಅರಳಿತು. ಉತ್ಪ್ರೇಕ್ಷೆಯಲ್ಲ, ಅದನ್ನು ಕರೆಯುವುದೇ ಹೂಕೋಸು ಎಂದು. ಹೊಸ ನೀರು ಹಳೆಯ ಬಣ್ಣದ ಕಣಗಳನ್ನು ತಳ್ಳಿಕೊಂಡು ಹೋಗಿ ಅಂಚಿನಲ್ಲಿ ಗುಡ್ಡೆ ಹಾಕುತ್ತದೆ, ಅದಕ್ಕೆ ಆ ಗುಂಗುರು ಅಂಚು. ಮಳೆ ನೀರು ಮರಳನ್ನು ದಡಕ್ಕೆ ಒಟ್ಟುವುದನ್ನು ನಾಲೆಗಳಲ್ಲಿ ಎಷ್ಟು ಸಲ ನೋಡಿದ್ದೆ! ಆದರೂ ತಲೆಗೆ ಹೋಗಲಿಲ್ಲ. ಸರಿಮಾಡಲು ಇನ್ನೊಂದು ಸಲ ಬ್ರಷ್ ಆಡಿಸಿದೆ, ಎರಡು ಹೂಕೋಸಾಯಿತು. ಜೇಬಿನಿಂದ ಬ್ಲೇಡಿನ ತುಂಡು ತೆಗೆದು ಕೆರೆದೆ. ಒದ್ದೆ ಕಾಗದ ಹತ್ತಿಯಂತೆ ಎದ್ದು ಬಂತು.

ಮೇಡಂ ಬಯ್ಯಲಿಲ್ಲ. "ಬ್ಲೇಡು ಬಳಸೋರು ಇದಾರೆ ಸರ್. ಪೂರ್ತಿ ಒಣಗಿದ ಮೇಲೆ, ನೀರಿನ ಮೇಲೆ ಬಿಸಿಲು ಮಿಂಚೋದನ್ನ ತೋರಿಸೋಕೆ ಕೆರೀತಾರೆ. ತಪ್ಪು ತೆಗೆಯೋಕಲ್ಲ" ಎಂದರು. ಬ್ಲೇಡೂ ಡಬ್ಬಕ್ಕೆ ಹೋಯಿತು.

ಆ ದಿನ ಪುಟ್ಟಿಯ ಹಾಳೆಯಲ್ಲಿ ಏನಾಗಿತ್ತು ಗೊತ್ತೆ? ಆಕಾಶಕ್ಕೂ ನೆಲಕ್ಕೂ ನಡುವೆ ಒಂದು ಗೆರೆ. ಸ್ಕೇಲು ಇಲ್ಲದ್ದರಿಂದ ಬಣ್ಣದ ಪೆಟ್ಟಿಗೆಯ ಅಂಚಿಟ್ಟು ಎಳೆದಿದ್ದಳು. ಅದರಿಂದ ನೀಲಿ ಕೆಳಗೆ ಇಳಿದುಬಿಟ್ಟಿತೆಂದು ಮುಖ ಸಣ್ಣಗೆ ಮಾಡಿಕೊಂಡಿದ್ದಳು. "ತಾತ, ಹಾಳಾಯ್ತು" ಎಂದಳು. ನನ್ನ ಎರಡು ಹೂಕೋಸು, ಒಂದು ತೂತು ತೋರಿಸಿದೆ. ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಿದ್ದೇ ನಕ್ಕಿದ್ದು. ಮುಂದಿನ ವಾರದಿಂದ ಬಂದ ಕೂಡಲೇ ಮೊದಲು ನನ್ನ ಹಾಳೆ ನೋಡುವುದು, ಆಮೇಲೆ ಧೈರ್ಯವಾಗಿ ತನ್ನದು ಶುರುಮಾಡುವುದು ಅವಳ ಪದ್ಧತಿಯಾಯಿತು. ನನಗಿಂತ ಕೆಟ್ಟದಾಗಿ ಮಾಡಲು ಸಾಧ್ಯವಿಲ್ಲ ಎಂಬ ಧೈರ್ಯ. ಅಷ್ಟಾದರೂ ಉಪಯೋಗಕ್ಕೆ ಬಂದೆನಲ್ಲ.

ಒಂದು ಭಾನುವಾರ ಮೇಡಂ ನಮ್ಮನ್ನೆಲ್ಲ ಜಗನ್ಮೋಹನ ಅರಮನೆಗೆ ಕರೆದುಕೊಂಡು ಹೋದರು. ಮೈಸೂರಿನ ಅಜ್ಜ ಅಜ್ಜಿಯರಿಗೆ ಅಲ್ಲಿನ ದೀಪದ ಹೆಣ್ಣಿನ ಚಿತ್ರವನ್ನು ಪರಿಚಯಿಸಬೇಕಿಲ್ಲ. ಸೀರೆ ಉಟ್ಟ ಹುಡುಗಿ, ಒಂದು ಕೈಯಲ್ಲಿ ದೀಪ, ಗಾಳಿಗೆ ಆರದಂತೆ ಇನ್ನೊಂದು ಕೈ ಅಡ್ಡ. ಬೆರಳ ಸಂದಿಯಲ್ಲಿ ಕೆಂಪಗೆ ಬೆಳಕು. ಚಿಕ್ಕಂದಿನಲ್ಲಿ ದಸರೆಗೆ ಬಂದಾಗ ನಮ್ಮಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ತೋರಿಸಿದ್ದರು. "ರವಿವರ್ಮ ಬರೆದದ್ದು ಕಣೋ, ಆಯಿಲ್ ಪೇಂಟಿಂಗು" ಎಂದಿದ್ದರು. ನಾನೂ ನನ್ನ ಮಗನಿಗೆ ಅದನ್ನೇ ಹೇಳಿದ್ದೆ. ಈಗ ಪುಟ್ಟಿಗೂ ಹೇಳಲು ಬಾಯಿ ತೆರೆದಿದ್ದೆ, ಅಷ್ಟರಲ್ಲಿ ಮೇಡಂ, "ಇದು ಜಲವರ್ಣ" ಎಂದರು.

ಬರೆದವರು ಸಾವಂತವಾಡಿಯ ಎಸ್. ಎಲ್. ಹಳದಣಕರ್. ದೀಪ ಹಿಡಿದು ನಿಂತವಳು ಅವರ ಮಗಳು ಗೀತಾ. ಬರೆದದ್ದು 1945-46ರ ಸುಮಾರಿಗೆ. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಅಂದರೆ ಮೂರು ತಲೆಮಾರು ನಾವು ಮನೆಮಂದಿಯೆಲ್ಲ ತಪ್ಪನ್ನೇ ಹೇಳಿಕೊಂಡು ಬಂದಿದ್ದೆವು. ರವಿವರ್ಮರ ತೈಲಚಿತ್ರಗಳು ಅದೇ ಅರಮನೆಯಲ್ಲಿವೆ, ಗೊಂದಲಕ್ಕೆ ಅದೂ ಒಂದು ಕಾರಣವಿರಬಹುದು. ನನಗೆ ಹೆಸರಿಗಿಂತ ಹೆಚ್ಚು ತಲೆ ಕೆಡಿಸಿದ್ದು ನೀರಿನ ವಿಷಯ. ಎಣ್ಣೆ ಬಣ್ಣದಲ್ಲಿ ಕತ್ತಲೆ ಬಳಿದು ಅದರ ಮೇಲೆ ಬೆಳಕನ್ನು ಇಡಬಹುದು. ಜಲವರ್ಣದಲ್ಲಿ ಬೆಳಕು ಎಂದರೆ ಬಹುಮಟ್ಟಿಗೆ ಕಾಗದವೇ. ಎಲ್ಲಿ ಬೆಳಕು ಬೇಕೋ ಅಲ್ಲಿ ಬಣ್ಣ ಹೋಗದಂತೆ ಮೊದಲೇ ಕಾದುಕೊಳ್ಳಬೇಕು. ಸುತ್ತ ಅಷ್ಟು ಕತ್ತಲೆ ತುಂಬುವಾಗ ಆ ಮುಖವನ್ನು, ಆ ಬೆರಳುಗಳನ್ನು ಹೇಗೆ ಕಾದುಕೊಂಡರೋ! ನಾನು ಒಂದು ಮೋಡವನ್ನು ಕಾಯಲಾರದವನು ಬಹಳ ಹೊತ್ತು ಅಲ್ಲೇ ನಿಂತಿದ್ದೆ. ಪುಟ್ಟಿ ಮೆಲ್ಲಗೆ, "ತಾತ, ಅಷ್ಟು ಹೊತ್ತು ಹಂಗೆ ನಿಂತ್ರೆ ಅವಳ ಕೈ ಸುಡಲ್ವಾ?" ಎಂದಳು. ಅದಕ್ಕೆ ಮೇಡಂ ಹತ್ತಿರವೂ ಉತ್ತರವಿರಲಿಲ್ಲ.

ಅಲ್ಲಿಂದ ಬಂದ ಮೇಲೆ ವಾಶ್ ಎಂಬ ಇನ್ನೊಂದು ಪದ್ಧತಿ. ಇದು ಬಂಗಾಳದ್ದು. ಜಪಾನಿನಿಂದ 1903ರಲ್ಲಿ ಕೋಲ್ಕತಾಕ್ಕೆ ಬಂದಿದ್ದ ಇಬ್ಬರು ಕಲಾವಿದರು ಕೆಲಸ ಮಾಡುವುದನ್ನು ನೋಡಿ ಅವನೀಂದ್ರನಾಥ ಟ್ಯಾಗೋರರು ರೂಢಿಸಿಕೊಂಡದ್ದಂತೆ. ನಮ್ಮ ಕೆ. ವೆಂಕಟಪ್ಪನವರು ಅದೇ ಅವನೀಂದ್ರರ ಶಿಷ್ಯರು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಚಿತ್ರಶಾಲೆಯನ್ನು ನೀವು ನೋಡಿರಬಹುದು. ಮೈಸೂರು ಅರಮನೆಗೆ ಚಿತ್ರ ಬರೆಯುತ್ತಿದ್ದ ಚಿತ್ರಗಾರರ ಮನೆತನದಲ್ಲಿ ಹುಟ್ಟಿ, ಕೋಲ್ಕತಾಕ್ಕೆ ಹೋಗಿ ಬೇರೆಯದೇ ರೀತಿ ಕಲಿತು, ಊಟಿ ಕೊಡೈಕೆನಾಲ್‌ಗಳ ಮಂಜನ್ನು ಜಲವರ್ಣದಲ್ಲಿ ಹಿಡಿದು, ಪ್ಲಾಸ್ಟರಿನಲ್ಲಿ ಉಬ್ಬುಚಿತ್ರ ಮಾಡಿ, ಅದೂ ಸಾಲದೆಂದು ವೀಣೆ ಶೇಷಣ್ಣನವರ ಹತ್ತಿರ ವೀಣೆಯನ್ನೂ ಕಲಿತವರು. ಒಂದೇ ಜನ್ಮದಲ್ಲಿ ಅಷ್ಟು ಸಲ ಮೊದಲನೇ ಪಾಠಕ್ಕೆ ಕೂತಿದ್ದಾರೆ ಎಂಬುದು ನನಗೆ ಸಮಾಧಾನ ಕೊಟ್ಟಿತು.

ವಾಶ್ ಪದ್ಧತಿಯಲ್ಲಿ ಬಣ್ಣ ಹಚ್ಚಿ, ಒಣಗಿಸಿ, ಆಮೇಲೆ ಇಡೀ ಚಿತ್ರವನ್ನು ನೀರಿಗೆ ಹಾಕಬೇಕು. ನಿಂತುಕೊಳ್ಳದ ಬಣ್ಣ ಬಿಟ್ಟುಹೋಗುತ್ತದೆ. ಮತ್ತೆ ಬಣ್ಣ, ಮತ್ತೆ ನೀರು. ಹೀಗೆ ಎಷ್ಟೋ ಸಲ. ಮೇಡಂ ಬಟ್ಟೆ ಜಾಲಿಸುವ ಪ್ಲಾಸ್ಟಿಕ್ ಟಬ್ಬಿನಲ್ಲಿ ನೀರು ತುಂಬಿಟ್ಟು, "ಸರ್, ಚಿತ್ರಕ್ಕೆ ಸ್ನಾನ ಮಾಡಿಸಿ" ಎಂದರು. ಎರಡು ವಾರ ಕೂತು ನಾಲೆಯ ಏರಿಯ ಮೇಲಿನ ಹೊಂಗೆಮರವನ್ನು ಬರೆದಿದ್ದೆ. ನನ್ನ ಮಟ್ಟಿಗೆ ಚೆನ್ನಾಗಿಯೇ ಬಂದಿತ್ತು. ಹಾಳೆ ಹಿಡಿದುಕೊಂಡು ಟಬ್ಬಿನ ಮುಂದೆ ನಿಂತೆ. ಮಕ್ಕಳೆಲ್ಲ ಸಾಲಾಗಿ ತಮ್ಮ ತಮ್ಮ ಚಿತ್ರಗಳನ್ನು ಅದ್ದಿ ತೆಗೆದು ಮುಗಿಸಿದರು. ನಾನು ಇನ್ನೂ ನಿಂತೇ ಇದ್ದೆ. ಕಡೆಗೆ ಪುಟ್ಟಿ ಬಂದು ಹಾಳೆಯ ಇನ್ನೊಂದು ತುದಿ ಹಿಡಿದುಕೊಂಡು, "ಒಂದು, ಎರಡು, ಮೂರು" ಎಂದಳು. ಮುಳುಗಿಸಿದೆವು. ಹಸಿರು ಹೊಗೆಯಂತೆ ಎದ್ದು ನೀರಿನಲ್ಲಿ ಹೋಯಿತು. ನನ್ನ ಎರಡು ವಾರ ಹೋಯಿತು ಎಂದುಕೊಂಡೆ. ಎತ್ತಿ ನೋಡಿದರೆ ಮರ ಅಲ್ಲೇ ಇತ್ತು. ಬೆಳಗಿನ ಜಾವದ ಮಂಜಿನಲ್ಲಿ ನಾಲೆಯ ಏರಿಯ ಮೇಲೆ ಕಾಣುವ ಮರದ ಹಾಗೆ. ಸರ್ವೆಗೆ ಹೋದಾಗ ಅಂಥ ಮರವನ್ನು ನೂರು ಸಲ ನೋಡಿದ್ದೆ. ಬರ್ದದ್ದು ಮಾತ್ರ ಅದೇ ಮೊದಲು.

ಮೈಸೂರು ಶೈಲಿ ಶುರುವಾದಾಗ ಮಾತ್ರ ನನ್ನ ಎದೆ ಉಬ್ಬಿತು. ಅದೆಲ್ಲ ಸಣ್ಣ ಗೆರೆಯ ಕೆಲಸ, ನನ್ನ ಸಾಮ್ರಾಜ್ಯ. ಲಕ್ಷ್ಮಿಯ ಸೀರೆಯ ನೆರಿಗೆಗಳನ್ನು ಒಂದೇ ಉಸಿರಿಗೆ ಎಳೆದುಬಿಟ್ಟೆ. ಎಲ್ಲ ಒಂದೇ ದಪ್ಪ, ಒಂದೇ ಅಂತರ. ಮೇಡಂ ತಲೆ ಓರೆ ಮಾಡಿ ನೋಡಿದರು. ನಗು ತಡೆದುಕೊಂಡು, "ಸರ್, ಇದು ನೆರಿಗೆ ಅಲ್ಲ, ನಾಲೆ" ಎಂದರು. ಹೌದು, ಲಕ್ಷ್ಮಿಯ ಸೊಂಟದಿಂದ ಪಾದದವರೆಗೆ ಆರು ಉಪನಾಲೆಗಳು ಅಚ್ಚುಕಟ್ಟು ಪ್ರದೇಶಕ್ಕೆ ಹೊರಟಿದ್ದವು. ನಕ್ಷೆಯ ಗೆರೆ ಮೊದಲಿನಿಂದ ಕೊನೆಯವರೆಗೆ ಒಂದೇ ದಪ್ಪವಿರಬೇಕು, ಅದು ಅದರ ಧರ್ಮ. ಇಲ್ಲಿನ ಗೆರೆ ಸಣ್ಣಗೆ ಹೊರಟು, ತಿರುವಿನಲ್ಲಿ ದಪ್ಪವಾಗಿ, ಮತ್ತೆ ಸಣ್ಣಗಾಗಿ ಮುಗಿಯಬೇಕು. ಅಂಥ ಒಂದು ಗೆರೆ ಬರಲು ನನಗೆ ಎರಡು ತಿಂಗಳು ಹಿಡಿಯಿತು. ಈಗಲೂ ಹತ್ತಕ್ಕೆ ನಾಲ್ಕು ನಾಲೆಯೇ.

ಆದರೆ ಒಡವೆಗಳ ಕೆಲಸದಲ್ಲಿ ಹಳೆಯ ಕೈ ನೆರವಿಗೆ ಬಂತು. ಬಿಳಿ ಪುಡಿ, ಅಂಟು ಸೇರಿಸಿ ಕಲಸಿದ ಲೇಪವನ್ನು ಕುಂಚದ ತುದಿಯಲ್ಲಿ ಚುಕ್ಕಿ ಚುಕ್ಕಿಯಾಗಿ ಇಟ್ಟು, ಸರ, ಕಿರೀಟಗಳನ್ನು ಸ್ವಲ್ಪವೇ ಉಬ್ಬಿಸಬೇಕು. ಹಿಂದೆ ಸೀಸದ ಬಿಳಿ ಬಳಸುತ್ತಿದ್ದರು. ಅದು ವಿಷವಾದ್ದರಿಂದ ಮಕ್ಕಳ ಕೈಗೆ ಮೇಡಂ ಕೊಡುವುದಿಲ್ಲ, ಬೇರೆ ಪುಡಿ ತರುತ್ತಾರೆ. ತಂಜಾವೂರಿನ ಚಿತ್ರಗಳಲ್ಲಿ ಈ ಉಬ್ಬು ಬಹಳ ಎತ್ತರ, ಮೇಲೆ ಕಲ್ಲು ಬೇರೆ ಕೂರಿಸುತ್ತಾರೆ. ನಮ್ಮದರಲ್ಲಿ ಬೆರಳಾಡಿಸಿದರೆ ಮಾತ್ರ ತಿಳಿಯುವಷ್ಟು. ಅದರ ಮೇಲೆ ಚಿನ್ನದ ರೇಕು ಅಂಟಿಸುವುದು. ಅಸಲಿ ಚಿನ್ನವನ್ನು ನಮ್ಮಂಥವರಿಗೆ ಯಾರು ಕೊಡುತ್ತಾರೆ? ಅಭ್ಯಾಸಕ್ಕೆ ಚಿನ್ನದ ಬಣ್ಣದ ತಗಡು, ಉಸಿರು ಬಿಟ್ಟರೆ ಹಾರುವಷ್ಟು ತೆಳು. ಫ್ಯಾನು ಆರಿಸಿ, ಕಿಟಕಿ ಮುಚ್ಚಿ, ಎಲ್ಲರೂ ಉಸಿರು ಬಿಗಿಹಿಡಿದಿದ್ದೆವು. ಆಗ ಆ ಎಂಟು ವರ್ಷದವನು ಸೀನಿದ. ಎರಡು ಹಾಳೆ ರೇಕು ಹಾರಿ ಒಂದು ನನ್ನ ಕನ್ನಡಕಕ್ಕೆ, ಇನ್ನೊಂದು ಅವನ ಮೂಗಿಗೆ ಅಂಟಿಕೊಂಡಿತು. ಆ ದಿನ ಲಕ್ಷ್ಮಿಗೆ ಕಿರೀಟವಾಗಲಿಲ್ಲ.

ಇಷ್ಟೆಲ್ಲ ಆದರೂ ಆ ಪುಸ್ತಕ ಅಟ್ಟದಲ್ಲೇ ಇತ್ತು, ನನ್ನ ಮನಸ್ಸಿನಲ್ಲೂ ಇತ್ತು. ಒಂದು ದಿನ ಕ್ಲಾಸು ಮುಗಿಸಿ ಬರುವಾಗ ಕಬ್ಬಿನ ಹಾಲು ಕುಡಿಯಲು ನಿಂತೆವು. ಲೋಟ ಕೈಗೆ ಬಂದ ಮೇಲೆ ಹೇಳಿದೆ, "ಪುಟ್ಟಿ, ನೀನು ಚಿಕ್ಕವಳಿದ್ದಾಗ ಒಂದು ಮನೆ ಚಿತ್ರ ಬರೆದಿದ್ದೆ. ನಾನು ಅದನ್ನ ಅಳಿಸಿಬಿಟ್ಟೆ. ತಪ್ಪಾಯ್ತು ಕಣಮ್ಮ."

"ಯಾವ ಮನೆ?"

"ಕೆಂಪು ಹೆಂಚಿನ ಮನೆ. ವಾಲಿಕೊಂಡಿತ್ತು. ಮುಂದೆ ನಾಯಿ ಇತ್ತು."

ಅವಳು ಯೋಚಿಸಿದಳು. "ನೆನಪಿಲ್ಲ ತಾತ."

ವರ್ಷದಿಂದ ಹೊತ್ತುಕೊಂಡು ತಿರುಗಿದ್ದು ಹೀಗೆ ಮುಗಿಯಿತಲ್ಲ ಎಂದು ನನಗೆ ಏನು ಹೇಳಬೇಕೋ ತೋಚಲಿಲ್ಲ. "ನಾಯಿ ಬಾಗಿಲಿಗಿಂತ ದೊಡ್ಡದಾಗಿತ್ತು, ಅದನ್ನ ಚಿಕ್ಕದು ಮಾಡಿದೆ" ಎಂದೆ.

ಅವಳು ಲೋಟದಲ್ಲಿ ಉಳಿದ ಐಸನ್ನು ಬಾಯಿಗೆ ಹಾಕಿಕೊಂಡು, "ಯಾಕೆ ಚಿಕ್ಕದು ಮಾಡಿದೆ? ನಾಯಿ ಹತ್ತಿರ ಇತ್ತೇನೋ. ಮನೆ ದೂರ ಇತ್ತೇನೋ. ಹತ್ತಿರ ಇರೋದು ದೊಡ್ಡದಾಗೇ ಕಾಣತ್ತೆ ತಾತ" ಎಂದಳು.

ಡ್ರಾಫ್ಟ್ಸ್‌ಮನ್ನರು ಬರೆಯುವ ಎಲಿವೇಶನ್ ಎಂಬ ನಕ್ಷೆಯಲ್ಲಿ ಹತ್ತಿರ, ದೂರ ಎಂಬುದೇ ಇಲ್ಲ. ಒಂದು ಮೈಲಿ ಆಚೆಗಿನ ಕಂಬವೂ ಮುಂದಿರುವ ಕಂಬವೂ ಒಂದೇ ಅಳತೆ. ಹಾಗಿದ್ದರೇನೇ ಕಟ್ಟುವವರಿಗೆ ಅನುಕೂಲ. 34 ವರ್ಷ ಹಾಗೆಯೇ ಬರೆದವನಿಗೆ ನಾಯಿ ಹತ್ತಿರ ಇದ್ದಿರಬಹುದು ಎಂದು ಹೊಳೆದೇ ಇರಲಿಲ್ಲ. ಕಬ್ಬಿನ ಹಾಲಿನ ದುಡ್ಡು ಕೊಡುವುದನ್ನೂ ಮರೆತು ಹೊರಟೆ. ಅಂಗಡಿಯವನು ಕೂಗಿ ಕರೆದ.

ಮೊನ್ನೆ ಶನಿವಾರ ಪುಟ್ಟಿ ನನ್ನ ಮೇಜಿನ ಡ್ರಾಯರಿನಲ್ಲಿ ಏನೋ ಹುಡುಕುತ್ತ ಹಳೆಯ ಸಲಕರಣೆಯ ಪೆಟ್ಟಿಗೆ ತೆಗೆದಳು. ಒಳಗೆ ನೀಲಿ ಮಖಮಲ್ಲಿನ ಗುಳಿಗಳಲ್ಲಿ ಕಂಪಾಸು, ಡಿವೈಡರು, ರೂಲಿಂಗ್ ಪೆನ್ನು. "ಇದೇನು ತಾತ, ಚಿಮಟಾನಾ?" ಎಂದಳು. ಹೇಳಿದೆ. ತಾನೂ ಬರೆಯುತ್ತೇನೆಂದು ಹಟ ಹಿಡಿದಳು. ತಿರುಪು ತುಕ್ಕು ಹಿಡಿದಿತ್ತು, ಕೊಬ್ಬರಿ ಎಣ್ಣೆ ಬಿಟ್ಟು ಸಡಿಲ ಮಾಡಿದೆ. ಶಾಯಿ ಬಾಟಲಿಯಲ್ಲಿ ಕಲ್ಲಾಗಿತ್ತು, ಸಯ್ಯಾಜಿರಾವ್ ರಸ್ತೆಗೆ ಹೋಗಿ ಹೊಸದು ತಂದೆ. ಅಲಗಿನ ನಡುವೆ ಹನಿ ಬಿಡುವುದನ್ನು ಒಂದು ಸಲ ತೋರಿಸಿ, ಎದ್ದು ಹೋಗಿ ಕಿಟಕಿಯ ಹತ್ತಿರ ಕೂತೆ. ಹತ್ತಿರವಿದ್ದರೆ ಕೈ ಸುಮ್ಮನಿರುವುದಿಲ್ಲ ಎಂದು ನನಗೆ ಗೊತ್ತು.

ಡೊಬಕ್ ಎಂಬ ಸದ್ದು ಕೇಳಿಸಲಿಲ್ಲ, ಆದರೆ ಅವಳ "ಅಯ್ಯೋ" ಕೇಳಿಸಿತು. ಒಳ್ಳೆಯ ಹಾಳೆಯ ನಟ್ಟನಡುವೆ ಹುಣಸೆಬೀಜದಷ್ಟು ಕಪ್ಪು ಮಚ್ಚೆ. ಅವಳು ನನ್ನ ಮುಖ ನೋಡಿದಳು. ಬ್ಲೇಡು ಪೆಟ್ಟಿಗೆಯಲ್ಲೇ ಇತ್ತು. ನಾನು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಹಾಳೆಯನ್ನು ಹಾಗೂ ಹೀಗೂ ತಿರುಗಿಸಿ ನೋಡಿ, ಅದೇ ಪೆನ್ನಿನಲ್ಲಿ ಮಚ್ಚೆಗೆ ಕಾಲು ಎಳೆಯತೊಡಗಿದಳು. ಕೈಯಲ್ಲೇ, ಏನನ್ನೂ ಅಡ್ಡ ಇಡದೆ. ಒಂದು ಕಾಲು ಗಿಡ್ಡ, ಒಂದು ಉದ್ದ, ಒಂದು ನಡುವೆ ಶಾಯಿ ಮುಗಿದು ಅರ್ಧಕ್ಕೇ ನಿಂತದ್ದು.

ಮೆಲ್ಲಗೆ ಎದ್ದು ಹೋಗಿ ನೋಡಿದೆ. "ಆರು ಕಾಲು ಆಯ್ತಲ್ಲ, ಸಾಕು ಬಿಡು, ಜೀರುಂಡೆ ಚೆನ್ನಾಗಿದೆ" ಎಂದೆ.

"ಜೀರುಂಡೆ ಅಲ್ಲ ತಾತ, ಇದು ಜೇಡ. ಜೇಡಕ್ಕೆ ಎಂಟು" ಎಂದಳು ಪುಟ್ಟಿ. "ಇನ್ನೆರಡು ಬರೀಬೇಕು, ಶಾಯಿ ಹಾಕು."